ಆರು ಹೊತ್ತಿನ ಊಟ

ಹೆಗ್ಗನಹಳ್ಳಿ
6–1–1974

ನನ್ನ ವಸ್ತಾದರಿಗೆ, ಗರಡಿ ಮಣ್ಣು ಹಣೆಗಿಟ್ಟುಕೊಂಡು ಅಂಜಿನಯ್ಯ ಬರೆಯೋದು.

ನೀವು ಆಪರೇಷನ್ ಮುಗಿಸಿಕೊಂಡು ಹರಿಹರಕ್ಕೆ ಅಕ್ಕನ ಮನೆಗೆ ಹೋದವರು ಒಂದು ಕಾರ್ಡೂ ಹಾಕಲಿಲ್ಲ. ಹೊಸಹಳ್ಳಿಯ ನಿಮ್ಮ ರೂಮಿನ ಮುಂದೆ ಸೈಕಲ್‌ನಲ್ಲಿ ಹೋದಾಗಲೆಲ್ಲ ಬೀಗ ನೋಡಿಕೊಂಡು ಬರುತ್ತೇನೆ. ಮನೆ ಓನರ್ ಕಲ್ಯಾಣಮ್ಮನವರ ಕೈಕಾಲು ಹಿಡಿದು ವಿಳಾಸ ಇಸಕೊಂಡೆ.

ಹೇಗಿದ್ದೀರ? ಹೊಲಿಗೆ ಒಣಗಿತಾ? ಸಾಮು ಶುರು ಮಾಡಿದಿರಾ? ಬಸ್ಕಿ ಎಷ್ಟು ಹೊಡೀತೀರ? ಡಾಕ್ಟರು ಏನು ತಿನ್ನೋಕೆ ಹೇಳಿದಾರೆ? ಎಲ್ಲಾನೂ ಬರೀರಿ. ನೀವು ಏನು ತಿಂತೀರೋ ನಾನೂ ಅದನ್ನೇ ತಿನ್ನಬೇಕು ಅಂತ ಇದ್ದೀನಿ. ನಗಬೇಡಿ.

ಗರಡಿಯಲ್ಲಿ ಎಲ್ಲ ಸರಿ ಇದೆ. ಶನಿವಾರ ಮಣ್ಣು ಅಗೆದು ಅರಿಶಿನ, ಮಜ್ಜಿಗೆ ಹಾಕಿ ಹದ ಮಾಡಿದೆವು. ನಿಮ್ಮ ಜಾಗಕ್ಕೆ ಯಾರೂ ಕಾಲಿಟ್ಟಿಲ್ಲ.

ಒಂದು ವಿಷಯ ಹೇಳಬಾರದು ಅಂದುಕೊಂಡಿದ್ದೆ. ಹೇಳಿಬಿಡುತ್ತೇನೆ. ಮೊನ್ನೆ ಸುಂಕದಕಟ್ಟೆ ಟೀ ಅಂಗಡಿ ಹತ್ತಿರ ಕೆಂಗೇರಿ ಗರಡಿಯ ಪದ್ಮನಾಭ ಸಿಕ್ಕಿದ್ದ. ನಾಲ್ಕು ಜನರ ಮುಂದೆ ಕೇಳಿದ, "ಏನ್ಲಾ ಅಂಜಿನಿ, ನಿಮ್ ವಸ್ತಾದ್ ಹೊಟ್ಟೆ ಹೊಲಿಸ್ಕೊಂಡು ಊರಿಗೆ ಓಡೋದ್ನಂತೆ? ಗಂಜಿ ಕುಡ್ಕೊಂಡು ಬಿದ್ದವ್ನಂತೆ?"

ನಾನು ಅಂದೆ, "ನಮ್ ವಸ್ತಾದ್ರು ಗಂಜಿ ಕುಡ್ದೇ ನಿನ್ನ ಎತ್ತಿ ಒಗೀತಾರೆ ಬಾ ಗುರು."

ಎಲ್ಲರೂ ನಕ್ಕರು. ಅವನೂ ನಕ್ಕ. ಅವನು ನಕ್ಕಿದ್ದು ನನಗೆ ಇಷ್ಟ ಆಗಲಿಲ್ಲ. ಹೋದ ವರ್ಷ ಅವನ ಕೈಗೆ ಸಿಕ್ಕಿದ ಸುಂಕದಕಟ್ಟೆ ಹುಡುಗನಿಗೆ ಇವತ್ತಿಗೂ ಕುತ್ತಿಗೆ ನೆಟ್ಟಗೆ ನಿಲ್ಲಲ್ಲ, ನಿಮಗೇ ಗೊತ್ತಲ್ಲ.

ಬೇಗ ಬರೀರಿ.

ನಿಮ್ಮ ಅಂಜಿನಯ್ಯ


ಹರಿಹರ
17–1–1974

ಅಂಜಿನಯ್ಯನಿಗೆ ಜಂಬಣ್ಣನ ಆಶೀರ್ವಾದ.

ನಿನ್ನ ಕಾಗದ ಬಂತು. ನಾನು ಚೆನ್ನಾಗಿದ್ದೇನೆ. ಹೊಲಿಗೆ ಒಣಗಿದೆ.

ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಹುಣ್ಣಿದ್ದ ಭಾಗವನ್ನು ತೆಗೆದು ಒಳ್ಳೆಯ ಭಾಗವನ್ನು ಡಾಕ್ಟರು ಉಳಿಸಿಕೊಟ್ಟಿದ್ದಾರೆ. ಒಳ್ಳೆಯ ಕೈಗುಣದ ಡಾಕ್ಟರು. ಉಳಿದದ್ದು ಕೆಲಸ ಮಾಡುತ್ತಿದೆ.

ಊಟದ ಬಗ್ಗೆ ಕೇಳಿದ್ದೀಯ. ದಿನಕ್ಕೆ ಆರು ಹೊತ್ತು ಉಣ್ಣುತ್ತೇನೆ. ಊಟದ ಜೊತೆ ನೀರು ಕುಡಿಯುವುದಿಲ್ಲ. ಉಂಡ ಮೇಲೆ ಸ್ವಲ್ಪ ಹೊತ್ತು ಮಲಗುತ್ತೇನೆ. ಡಾಕ್ಟರು ಹಾಗೆ ಹೇಳಿದ್ದಾರೆ. ಬೆಳಿಗ್ಗೆ ಲಿಂಗಪೂಜೆ ಆಗದೆ ಬಾಯಿಗೆ ಏನೂ ಹಾಕುವವನಲ್ಲ ನಾನು, ಈಗ ಮೊದಲ ಊಟಕ್ಕೆ ಹೊತ್ತಾಗುತ್ತದೆ ಅಂತ ಕತ್ತಲಲ್ಲೇ ಎದ್ದು ಪೂಜೆ ಮುಗಿಸುತ್ತೇನೆ. ಅಕ್ಕ ನೀಲಗಂಗಮ್ಮನಿಗೆ ದಿನವೆಲ್ಲ ನನ್ನ ಬಟ್ಟಲಿನದೇ ಕೆಲಸ. ತೊಳೆಯುವ ಮುಂಚೆ ಬಟ್ಟಲೊಳಗೆ ನೋಡುತ್ತಾಳೆ.

ಪದ್ಮನಾಭನ ಬಾಯಿಗೆ ಬಾಯಿ ಕೊಡಬೇಡ. ಅವನ ಭಾರ ನಿನ್ನ ಒಂದೂವರೆ ಪಟ್ಟು ಇದೆ. ನಾನು ಬರುತ್ತೇನೆ ಅಂತ ಹೇಳು, ಸಾಕು.

ಜಂಬಣ್ಣ


ಹೆಗ್ಗನಹಳ್ಳಿ
22–1–1974

ವಸ್ತಾದ್ರೇ!

ಆರು ಹೊತ್ತು!!

ಕಾಗದ ಓದಿದ ತಕ್ಷಣ ಗರಡಿಗೆ ಓಡಿದೆ. ಎಲ್ಲರ ಮುಂದೆ ಗಟ್ಟಿಯಾಗಿ ಓದಿದೆ. "ಉಳಿದದ್ದು ಕೆಲಸ ಮಾಡುತ್ತಿದೆ" ಅನ್ನೋ ಕಡೆ ಹುಡುಗರು ಚಪ್ಪಾಳೆ ಹೊಡೆದರು. ಹೊಟ್ಟೆ ಕುಯ್ಸಿಕೊಂಡು ಮೂರು ತಿಂಗಳಿಗೆ ಆರು ಹೊತ್ತು ಉಣ್ಣೋ ಗಂಡು ಈ ಮಾಗಡಿ ರೋಡಲ್ಲಿ ಇನ್ನೊಬ್ಬ ಇದ್ದಾನಾ? ಆಪರೇಷನ್‌ಗೆ ಮುಂಚೆ ನೀವು ಮೂರು ಹೊತ್ತು ಉಣ್ಣುತ್ತಿದ್ದಿರಿ. ಆಗಲೇ ಒಂದು ಹೊತ್ತಿಗೆ ಎರಡು ಸೇರು ಹಾಲು. ಈಗ ಲೆಕ್ಕ ಹಾಕಿಕೊಳ್ಳಲಿ ಕೆಂಗೇರಿಯೋರು.

ನಾನೂ ನಿನ್ನೆಯಿಂದ ಆರು ಹೊತ್ತು ಶುರು ಮಾಡಿದೆ. ಅಮ್ಮ ನಾಲ್ಕನೇ ಮುದ್ದೆಗೆ ಸೌಟು ಎತ್ತಿಕೊಂಡು ಬಂದಳು. "ನಿನ್ ವಸ್ತಾದ್ಗೆ ಅವ್ರಕ್ಕ ಹಾಕ್ತಾಳೆ ಕಣೋ, ನಿಂಗೆ ಹಾಕ್ತಾ ಕೂತ್ರೆ ನಿಮ್ಮಪ್ಪಂಗೆ ಮಣ್ಣ ತಿನ್ನಿಸ್ಲಾ?" ಅಂದಳು. ಅಪ್ಪ ಸೊಪ್ಪಿನ ಗಾಡಿ ಕಟ್ಟುತ್ತಾ ನಗುತ್ತಿದ್ದರು. ಸಂಜೆ ಹೊಟ್ಟೆ ಹಿಡಿದುಕೊಂಡು ಬಿದ್ದಿದ್ದೆ. ನಿಮ್ಮ ಹೊಟ್ಟೆ ನಿಮ್ಮದೇ, ನಮಗೆಲ್ಲಿ ಬರಬೇಕು.


ಕಾರ್ಡು
24–1–1974

ವಸ್ತಾದ್ರೇ, ಬರೆಯೋದು ಮರೆತೆ. ಹುಡುಗರೆಲ್ಲ ಸೇರಿ ನಿಮಗೆ ಒಂದು ಡಬ್ಬ ತುಪ್ಪ, ಬಾದಾಮಿ, ಕಲ್ಲುಸಕ್ಕರೆ ಕಳಿಸಿದ್ದೇವೆ. ದಾವಣಗೆರೆ ಕಡೆ ಹೋಗೋ ಲಾರಿಯವನ ಕೈಲಿ. ತಲುಪಿದ ಮೇಲೆ ಬರೀರಿ. ಆರು ಹೊತ್ತಿನಲ್ಲಿ ಒಂದು ಹೊತ್ತು ನಮ್ಮ ಲೆಕ್ಕ.


ಹರಿಹರ
3–2–1974

ಅಂಜಿನಯ್ಯನಿಗೆ,

ತುಪ್ಪ, ಬಾದಾಮಿ ತಲುಪಿದವು. ಇಷ್ಟೊಂದು ಕಳಿಸಬಾರದಿತ್ತು. ಹುಡುಗರು ಬೆಳೆಯುವ ವಯಸ್ಸು, ಅವರೇ ತಿನ್ನಬೇಕು.

ಅಕ್ಕ ಬಾದಾಮಿ ಅರೆದು, ಕಲ್ಲುಸಕ್ಕರೆ ಹಾಕಿ ಹಾಲು ಕಾಸಿ ಕೊಟ್ಟಳು. ನೀವೆಲ್ಲ ಕಳಿಸಿದ್ದು ಅಂತ ಕುಡಿದೆ. ಲೋಟದಲ್ಲಿ ಬಿಡಲಿಲ್ಲ. ಆಮೇಲೆ ಮಲಗಿದೆ. ಸಂಜೆ ದೀಪ ಹಚ್ಚುವವರೆಗೆ ಏಳಲಿಲ್ಲ. ಬೆವರಿಗೆ ಅಕ್ಕ ಎರಡು ಸಲ ಅಂಗಿ ಬದಲಾಯಿಸಿದಳಂತೆ.

ನನ್ನ ಕಾಗದಗಳನ್ನು ಗರಡಿಯಲ್ಲಿ ಓದಬೇಡ. ನಿನಗೆ ಅಂತ ಬರೆಯುವುದು.

ಜಂಬಣ್ಣ


ಹೆಗ್ಗನಹಳ್ಳಿ
12–2–1974

ವಸ್ತಾದರ ಪಾದಕ್ಕೆ,

ಬಾದಾಮಿ ಹಾಲು ಕುಡಿದು ಸಂಜೆವರೆಗೂ ಮಲಗಿದಿರಿ ಅಂತ ಓದಿ ಎಷ್ಟು ಖುಷಿ ಆಯಿತು ಗೊತ್ತಾ. ಪೈಲ್ವಾನನ ನಿದ್ದೆ ಅಂದರೆ ಅದು! ನೀವೇ ಹೇಳುತ್ತಿದ್ದಿರಿ, ಬೆವರು ಬಂದರೆ ತಿಂದ ಖುರಾಕು ಮೈಗೆ ಹತ್ತಿತು ಅಂತ.

ಈಗ ದೊಡ್ಡ ಸುದ್ದಿ. ಕೂತುಕೊಂಡು ಓದಿ.

ಭಾನುವಾರ ಹೇರೋಹಳ್ಳಿಯಲ್ಲಿ ಜೋಡಿ ಕಟ್ಟಿದರು. ಈ ಸಲ ಕುಸ್ತಿ ಯುಗಾದಿ ಮಾರನೇ ದಿನ, ಹೊಸತೊಡಕಿಗೆ, ಹೇರೋಹಳ್ಳಿ ಕೆರೆ ಅಂಗಳದಲ್ಲಿ. ಯಜಮಾನರು ಸೌದೆ ಡಿಪೋ ಗುರುಬಸಪ್ಪನವರು. ಎಲ್ಲ ಗರಡಿಯೋರೂ ಬಂದಿದ್ದರು. ಸಣ್ಣ ಜೋಡಿಗಳೆಲ್ಲ ಮುಗಿದ ಮೇಲೆ ಗುರುಬಸಪ್ಪನವರು ತಟ್ಟೆಯಲ್ಲಿ ವೀಳ್ಯ ಇಟ್ಟುಕೊಂಡು ಎದ್ದರು. "ಕೊನೆ ಜೋಡಿ. ಕೆಂಗೇರಿ ಪದ್ಮನಾಭ. ಎದುರಿಗೆ ಯಾರು?"

ಯಾರೂ ಏಳಲಿಲ್ಲ. ಪದ್ಮನಾಭ ತಟ್ಟೆ ನೋಡಿಕೊಂಡು ಹಲ್ಲು ಕಿರಿದ. "ಹೆಗ್ಗನಳ್ಳಿಯೋರು ಹೇಳ್ತಿದ್ರಲ್ಲ ಯಜಮಾನ್ರೇ, ಆರಾರು ಹೊತ್ತು ಉಣ್ತವ್ನಂತೆ ಅವರ ವಸ್ತಾದು. ಉಂಡಿದ್ದು ಎಲ್ಲೋಯ್ತು ಕೇಳಿ."

ನನಗೆ ಏನಾಯಿತೋ ಗೊತ್ತಿಲ್ಲ. ಎದ್ದು ಹೋಗಿ ತಟ್ಟೆಗೆ ಕೈ ಹಾಕಿದೆ. "ನಮ್ಮ ವಸ್ತಾದ್ರು ಜಂಬಣ್ಣನವರ ಹೆಸರಲ್ಲಿ ಹಿಡೀತಾ ಇದೀನಿ" ಅಂದೆ.

ಗುರುಬಸಪ್ಪನವರು ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದರು, "ತಿಳ್ಕೊಂಡು ಹಿಡೀತಿದೀಯೇನಪ್ಪಾ? ವಸ್ತಾದ್ ಬರ್ದೇ ಹೋದ್ರೆ ವೀಳ್ಯ ಹಿಡಿದ ಶಿಷ್ಯ ಇಳೀಬೇಕು. ಇಲ್ಲ, ಅವ್ರು ಕಣಕ್ಕೆ ಬಂದು, ಕೈಲಾಗಲ್ಲ ಅನ್ನೋದು ನಮ್ಮ ಕಣ್ಣಿಗೇ ಕಾಣಬೇಕು. ಆಗ ಮಾತ್ರ ವೀಳ್ಯ ಮುರಿದು ಜೋಡಿ ರದ್ದು ಮಾಡೋದು. ಕಾಗದ, ಹೇಳಿಕೆ ಎಲ್ಲ ನಡೆಯಲ್ಲ."

"ಬರ್ತಾರೆ ಸಾರ್" ಅಂದೆ.

ಬರುತ್ತೀರಲ್ಲ? ನೀವೇ ಬರೆದಿದ್ದಿರಲ್ಲ, ನಾನು ಬರುತ್ತೇನೆ ಅಂತ ಹೇಳು, ಸಾಕು ಅಂತ. ಹೇಳಿದೆ. ವೀಳ್ಯವನ್ನ ಗರಡಿಯ ಆಂಜನೇಯನ ಪಾದದ ಹತ್ತಿರ ಇಟ್ಟಿದ್ದೇನೆ.

ನಿಮ್ಮ ಅಂಜಿನಯ್ಯ


ಹರಿಹರ
19–2–1974

ಅಂಜಿನಯ್ಯ,

ಯಾರನ್ನು ಕೇಳಿ ಹಿಡಿದೆ?

ಈ ಕಾಗದ ತಲುಪಿದ ದಿನವೇ ಗುರುಬಸಪ್ಪನವರ ಮನೆಗೆ ಹೋಗಿ ವೀಳ್ಯ ವಾಪಸು ಕೊಡು. ಹುಡುಗು ಬುದ್ಧಿ, ತಪ್ಪಾಯಿತು ಅನ್ನು. ನನ್ನ ತಯಾರಿ ಸಾಲದು ಅಂತ ಹೇಳು. ಬೇರೆ ಏನೂ ಹೇಳಬೇಡ.

ಜಂಬಣ್ಣ


ಹೆಗ್ಗನಹಳ್ಳಿ
25–2–1974

ವಸ್ತಾದ್ರೇ,

ನಿಮಗೆ ಕೋಪ ಬಂದಿದೆ ಅಂತ ಗೊತ್ತಾಯಿತು. ಕೇಳದೆ ಹಿಡಿದಿದ್ದು ತಪ್ಪು. ಕಾಲಿಗೆ ಬೀಳುತ್ತೇನೆ. ಆದರೆ ವಾಪಸು ಕೊಡೋದು ಹೇಗೆ? ಕೊಟ್ಟರೆ ಮುಂದೆ ಹೆಗ್ಗನಹಳ್ಳಿ ಗರಡಿಗೆ ಯಾವ ಊರಿನೋರೂ ವೀಳ್ಯ ಕೊಡಲ್ಲ. ನಿಮ್ಮ ಕೈ ಕೆಳಗೆ ಬೆಳೆದ ಹುಡುಗರೆಲ್ಲ ಮನೆಯಲ್ಲಿ ಕೂರಬೇಕು.

ತಯಾರಿ ಸಾಲದು ಅಂತೀರ. ಇನ್ನೂ ಟೈಮ್ ಇದೆ. ಆರು ಹೊತ್ತಿನ ಜಾಗಕ್ಕೆ ಎಂಟು ಹೊತ್ತು ಉಣ್ಣಿ! ತುಪ್ಪ ಇನ್ನೊಂದು ಡಬ್ಬ ಕಳಿಸಲಾ?


ಕಾರ್ಡು
2–3–1974

ತುಪ್ಪ ಕಳಿಸಲಾ ಅಂತ ಕೇಳಿದ್ದೆ. ಉತ್ತರ ಬರಲಿಲ್ಲ.


ಕಾರ್ಡು
5–3–1974

ಕೆರೆ ಅಂಗಳದಲ್ಲಿ ಕಣ ಅಗೀತಾ ಇದ್ದಾರೆ. ಗೋಡೆ ಮೇಲೆಲ್ಲ ನಿಮ್ಮ ಹೆಸರು ಬರೆದಿದ್ದಾರೆ ವಸ್ತಾದ್ರೇ, ನೀಲಿಯಲ್ಲಿ. ರಾಜಾಜಿನಗರದ ತನಕ. ಬಸ್ಸಿನಲ್ಲಿ ಹೋಗೋರು ಓದುತ್ತಾರೆ.


ಕಾರ್ಡು
8–3–1974

ಯಾಕೆ ಬರೀತಾ ಇಲ್ಲ? ಅಪ್ಪ ಕೇಳಿದರು, "ನಿಮ್ಮ ವಸ್ತಾದ್ರು ಬರದೇ ಹೋದ್ರೆ ನೀನೇ ಇಳೀಬೇಕಂತೆ, ಹೌದೇನೋ?" ಹೌದು ಅಂದೆ. ಅಪ್ಪ ಗಾಡಿ ಕಟ್ಟೋಕೆ ಎದ್ದು ಹೋದರು. ಅವರಿಗೆ ನಿಮ್ಮ ವಿಷಯ ಗೊತ್ತಿಲ್ಲ. ನನಗೆ ಗೊತ್ತು.


ಹರಿಹರ
12–3–1974

ಅಂಜಿನಯ್ಯನಿಗೆ,

ಈ ಕಾಗದವನ್ನು ಒಬ್ಬನೇ ಇದ್ದಾಗ ಓದು.

ನನಗೆ ಆಗಿದ್ದು ಬರೀ ಹುಣ್ಣಲ್ಲ. ಕ್ಯಾನ್ಸರು. ಕತ್ತರಿಸಿದ ತುಂಡನ್ನು ಪರೀಕ್ಷೆಗೆ ಕಳಿಸಿದಾಗ ಖಚಿತವಾಯಿತು. ಒಳಪದರದಲ್ಲೇ ಇತ್ತು, ಆಳಕ್ಕೆ ಇಳಿದಿರಲಿಲ್ಲ, ಬೇಗ ಸಿಕ್ಕಿತು, ಪುಣ್ಯವಂತ ನೀನು ಅಂದರು ಡಾಕ್ಟರು.

ಆಪರೇಷನ್ ಹಿಂದಿನ ದಿನವೇ ಅವರಿಗೆ ಅನುಮಾನ ಇತ್ತು. "ಪೈಲ್ವಾನ್ರೇ, ತೆರೆದು ನೋಡಿದಾಗ ಕೆಟ್ಟದ್ದು ಅನ್ನಿಸಿದರೆ ಹೊಟ್ಟೆ ಪೂರ್ತಿ ತೆಗೀಬೇಕಾಗಬಹುದು" ಅಂದರು. ನಾನು ಅವರ ಕೈ ಹಿಡಿದುಕೊಂಡೆ. "ಸಾರ್, ನಾನು ಹೊಟ್ಟೆ ಮೇಲೆ ಬದುಕೋ ಮನುಷ್ಯ. ಎಷ್ಟಾಗತ್ತೋ ಅಷ್ಟು ಉಳಿಸಿ" ಅಂದೆ. ಅವರು ಉಳಿಸಿದರು. ಮೇಲಿನ ಕಾಲು ಭಾಗ. ಎಚ್ಚರವಾದಾಗ ಅದನ್ನು ಕೇಳಿ, ಗೆದ್ದೆ ಅಂದುಕೊಂಡೆ.

ಹೊಟ್ಟೆಯ ಕೆಳಗೆ ಒಂದು ಬಾಗಿಲಿರುತ್ತದಂತೆ. ಉಂಡದ್ದನ್ನು ತಡೆದು, ಅರೆದು, ಸ್ವಲ್ಪ ಸ್ವಲ್ಪವಾಗಿ ಕರುಳಿಗೆ ಬಿಡುವುದು ಅದರ ಕೆಲಸ. ಕೆಟ್ಟ ಭಾಗದ ಜೊತೆ ನನ್ನ ಬಾಗಿಲೂ ಹೋಯಿತು. ಈಗ ನುಂಗಿದ್ದು ದಡಕ್ಕನೆ ಕೆಳಗೆ ಬೀಳುತ್ತದೆ. ಆರು ಹೊತ್ತು ಅಂದರೆ ಆರು ಹಿಡಿ ಕಣೋ. ಒಂದು ಹೊತ್ತಿಗೆ ಒಂದು ಹಿಡಿ ಮೆತ್ತಗಿನ ಅನ್ನ. ಉಳಿದ ಚೂರು ಹೊಟ್ಟೆ ಅಷ್ಟಕ್ಕೇ ತುಂಬಿ, ಎರಡನೇ ಹಿಡಿ ಗಂಟಲವರೆಗೆ ಬಂದು ನಿಲ್ಲುತ್ತದೆ. ಹಾಗೆ ದಡಕ್ಕನೆ ಕರುಳಿಗೆ ಬಿದ್ದರೆ ಸಿಹಿಯಂತೂ ವಿಷ. ನೀವು ಕಳಿಸಿದ ಕಲ್ಲುಸಕ್ಕರೆಯ ಹಾಲು ಕುಡಿದ ದಿನ ಸ್ವಲ್ಪ ಹೊತ್ತಿಗೇ ಎದೆ ಹೊಡೆದುಕೊಳ್ಳತೊಡಗಿತು. ತಣ್ಣನೆ ಬೆವರು. ಕೈಕಾಲು ನಡುಗಿ ಗೋಡೆ ಹಿಡಿದುಕೊಂಡವನು ಹಾಗೇ ಕುಸಿದೆ. ಅಕ್ಕ "ಅಯ್ಯೋ ತಮ್ಮಾ, ನಾನಾ ಕೈಯಾರೆ ಕೊಟ್ನಲ್ಲೋ" ಅಂತ ಬಾಯಿ ಬಡಿದುಕೊಂಡಳು. ನಿದ್ದೆಯಲ್ಲ ಅದು.

ನನ್ನ ಪಂಚೆ ಸೊಂಟದಲ್ಲಿ ನಿಲ್ಲುವುದಿಲ್ಲ, ಹಗ್ಗ ಕಟ್ಟಿಕೊಳ್ಳುತ್ತೇನೆ. ಬಸ್ಕಿ ಎಷ್ಟು ಅಂತ ನೀನು ಕೇಳಿದ್ದೆ. ಕೂತರೆ ಏಳಲು ಕಂಬ ಬೇಕು.

ಇದನ್ನೆಲ್ಲ ಯಾಕೆ ಮುಂಚೆ ಬರೆಯಲಿಲ್ಲ ಅಂದರೆ, ನಿನ್ನ ಕಾಗದ ಓದುವಾಗ ನಾನು ಹಳೇ ಜಂಬಣ್ಣನೇ ಆಗಿರುತ್ತಿದ್ದೆ. ಅಷ್ಟೇ.

ಈಗ ನನ್ನ ಮಾತು ಕೇಳು. ಗುರುಬಸಪ್ಪನವರಿಗೆ ಈ ಕಾಗದ ತೋರಿಸು. ಜಂಬಣ್ಣನಿಗೆ ಕ್ಯಾನ್ಸರು ಅಂತ ಹೇಳು. ಡಂಗುರ ಹೊಡಿಸು ಬೇಕಾದರೆ. ನೀನು ಮಾತ್ರ ಪದ್ಮನಾಭನ ಎದುರು ಇಳಿಯಬೇಡ. ಅವನು ಭಾರ ಪೂರ್ತಿ ಕತ್ತಿನ ಮೇಲೆ ಬಿಡುತ್ತಾನೆ. ಸುಂಕದಕಟ್ಟೆ ಹುಡುಗ ಬದುಕಿದ್ದು ಅದೃಷ್ಟ. ನಿನಗೆ ಹದಿನೆಂಟು ವರ್ಷ.

ಜಂಬಣ್ಣ


ಹೆಗ್ಗನಹಳ್ಳಿ
17–3–1974

ವಸ್ತಾದರಿಗೆ,

ಓದಿದೆ. ಒಬ್ಬನೇ ಓದಿದೆ. ಹಿತ್ತಲಲ್ಲಿ ಸೊಪ್ಪಿನ ಮಡಿಗಳ ಮಧ್ಯೆ ಕೂತು.

ಆರು ಹಿಡಿ. ಅದನ್ನ ನಾನು ಮಾಗಡಿ ರೋಡಿಗೆಲ್ಲ ಸಾರಿಕೊಂಡು ಬಂದೆ. ನೀವು ಅಲ್ಲಿ ಬಿದ್ದಿದ್ದಿರಿ, ನಾನು ಇಲ್ಲಿ ಪೈಲ್ವಾನನ ನಿದ್ದೆ ಅಂತ ಬರೆದೆ.

ಕಾಗದ ಯಾರಿಗೂ ತೋರಿಸಲ್ಲ. ತೋರಿಸಿದರೂ ಉಪಯೋಗವಿಲ್ಲ, ಗುರುಬಸಪ್ಪನವರು ಆವತ್ತೇ ಹೇಳಿದಾರೆ, ಕಾಗದ ನಡೆಯಲ್ಲ ಅಂತ. ಇನ್ನೊಂದು ಕಾರಣವನ್ನ ನೀವು ಹರಿಹರದಲ್ಲಿ ಕೂತು ಯೋಚನೆ ಮಾಡಿಲ್ಲ. ಇಲ್ಲಿ ಕ್ಯಾನ್ಸರ್ ಅಂದರೆ ಅಂಟುರೋಗ ಅಂತ ಜನ ಹೇಗಾಡುತ್ತಾರೆ ನಿಮಗೆ ಗೊತ್ತು. ನೀವು ಹನ್ನೆರಡು ವರ್ಷ ಮೈ ಉಜ್ಜಿದ ಮಣ್ಣು ಇದು. ನಿಮ್ಮ ಬೆವರು ಇದರಲ್ಲೇ ಇದೆ. ವಿಷಯ ತಿಳಿದರೆ ಒಬ್ಬ ತಾಯಿಯೂ ಮಗನನ್ನ ಆ ಮಣ್ಣಿಗೆ ಇಳಿಸಲ್ಲ. ಗರಡಿ ಮುಚ್ಚುತ್ತದೆ.

ಅದಕ್ಕೇ ನಾನು ಇಳೀತೀನಿ. ನಾನು ಸೋತರೆ ಅಂಜಿನಿ ಸೋತ. ಜಂಬಣ್ಣ ಸೋಲಲ್ಲ. ವಸ್ತಾದ್ರಿಗೆ ಊರಲ್ಲಿ ಏನೋ ಕೆಲಸ ಬಿತ್ತು ಅಂತ ಹೇಳ್ತೀನಿ.

ದಿನಾ ಕತ್ತು ಗಟ್ಟಿ ಮಾಡಿಕೊಳ್ಳೋಕೆ ಅಪ್ಪನ ಮೂಟೆ ತಲೆ ಮೇಲಿಟ್ಟುಕೊಂಡು ಓಡಾಡುತ್ತಿದ್ದೇನೆ. ಅಮ್ಮನಿಗೆ ಇದೂ ನಿಮ್ಮ ಹೊಸ ಪಾಠ ಅಂತ ಹೇಳಿದ್ದೇನೆ.

ನೀವು ಬರಬೇಡಿ. ನೋಡೋಕಾಗಲ್ಲ ನನಗೆ.

ಅಂಜಿನಯ್ಯ


ಹರಿಹರ
21–3–1974

ಅಂಜಿನಯ್ಯ,

ಅಕ್ಕನನ್ನು ಕರೆದುಕೊಂಡು ಬರುತ್ತಿದ್ದೇನೆ. ಹಬ್ಬದ ದಿನ ರೈಲು ಹತ್ತುತ್ತೇನೆ. ನಾನು ಬರುವವರೆಗೆ ಕುಸ್ತಿಯ ಚಡ್ಡಿ ಕಟ್ಟಬೇಡ. ಇದು ವಸ್ತಾದನ ಮಾತು.

ಜಂಬಣ್ಣ


ಹೆಗ್ಗನಹಳ್ಳಿ
2–4–1974

ಶ್ರೀ ಜಂಬಣ್ಣನವರಿಗೆ,

ನೀವು ಹೊಸತೊಡಕಿನ ರಾತ್ರಿನೇ ರೈಲಿಗೆ ಹೋದಿರಿ. ನಾನು ಸ್ಟೇಷನ್ನಿಗೆ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಹೇಳೋಕೆ ಬರೀತಾ ಇದ್ದೀನಿ.

ನೀವು ಟಾಂಗಾದಿಂದ ಇಳಿದಾಗ ನನಗೆ ಗುರುತು ಸಿಗಲಿಲ್ಲ. ಹಿಂದೆ ನಿಮ್ಮ ರೂಮಲ್ಲಿ ಕಂಡಿದ್ದ ನಿಮ್ಮಕ್ಕನ ಗುರುತು ಹಿಡಿದು, ಪಕ್ಕದಲ್ಲಿರೋದು ನೀವು ಅಂದುಕೊಂಡೆ. ಜನ ಎರಡು ಕಡೆ ಸರಿದು ದಾರಿ ಬಿಟ್ಟರು.

ನೀವು ಗುರುಬಸಪ್ಪನವರಿಗೆ ಕೈ ಮುಗಿದು, "ಯಜಮಾನ್ರೇ, ನನ್ನ ಕೈಲಾಗಲ್ಲ. ಹುಡುಗನ್ನ ಬಿಡ್ಬಿಡಿ" ಅಂದಿರಿ. ಅಂಗಿ ಎತ್ತಿ ಗಾಯ ತೋರಿಸಿದಿರಿ. ಅಲ್ಲಿಗೇ ಸುಮ್ಮನಿರಬಹುದಿತ್ತು. ಪದ್ಮನಾಭ ಕಣದೊಳಗಿಂದಲೇ ಕೂಗಿದ, "ಗಾಯ ಒಣಗೋಗದೆ ಯಜಮಾನ್ರೇ! ನಮ್ಮತ್ತೆಗೂ ಅಂಥದ್ದೇ ಐತೆ, ಮೂರು ಬಿಂದಿಗೆ ನೀರು ಹೊರ್ತಾಳೆ!" ಜನ ಹೋ ಅಂತ ನಕ್ಕರು. ಗುರುಬಸಪ್ಪನವರು ನನ್ನ ಕಡೆ ನೋಡಿದರು. ನಾನು ಚಡ್ಡಿ ಕಟ್ಟಿಕೊಂಡೇ ಇದ್ದೆ. ಇಳಿಯೋಕೆ ತಯಾರಿದ್ದೆ. ನನಗೆ ಭಯ ಇರಲಿಲ್ಲ.

ಆಗ ನೀವು ಮಾಡಿದ್ದೇನು? ಪಾನಕದ ಹಂಡೆ ಹತ್ತಿರ ಹೋದಿರಿ. ಎರಡು ಲೋಟ. ಎಲ್ಲರ ಎದುರಿಗೇ ಗಟಗಟ ಕುಡಿದಿರಿ. ಸಿಹಿ ವಿಷ ಅಂತ ನೀವೇ ಬರೆದಿದ್ದಿರಿ. ಆಸೆ ತಡೆಯೋಕೆ ಆಗಲಿಲ್ಲವಾ? ಅಷ್ಟು ದಿನ ಬಾಯಿ ಕಟ್ಟಿದವರಿಗೆ ಆವತ್ತೇ ಬೇಕಾಗಿತ್ತಾ?

ಬೆಂಚಿನ ಮೇಲೆ ಕೂತಿರಿ. ಮುಖ ಬೂದಿ ಬಣ್ಣಕ್ಕೆ ತಿರುಗಿತು. ಲೋಟ ಕೈಯಿಂದ ಬಿತ್ತು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. "ಕುಡ್ಕೊಂಡ್ ಬಂದವ್ನೆ ಕಣ್ರೋ" ಅಂದ ಯಾರೋ. ಏಳೋಕೆ ಹೋಗಿ ನೀವು ಕಣದ ಅಂಚಿನಲ್ಲಿ ಮುಖ ಅಡಿಯಾಗಿ ಬಿದ್ದಿರಿ. ಮಣ್ಣು ಬಾಯಿಗೆ ಹೋಯಿತು. ವಾಂತಿ ಆಯಿತು. ಪಂಚೆ ಜಾರಿತು. ಒಳಗೆ ಹಗ್ಗ ಕಟ್ಟಿದ್ದು ಎಲ್ಲರಿಗೂ ಕಾಣಿಸಿತು. ನಿಮ್ಮಕ್ಕ ಸೆರಗು ಹೊದಿಸಿ, "ಕ್ಯಾನ್ಸರ್ ಆಗೇತ್ರೋ ನನ್ ತಮ್ಮಗ, ಹೊಟ್ಟೀನಾ ಇಲ್ರೋ ಅವಗ" ಅಂತ ಅತ್ತರು.

ಎಲ್ಲರೂ ಹಿಂದಕ್ಕೆ ಹೋದರು. ಪದ್ಮನಾಭನೂ. ಗುರುಬಸಪ್ಪನವರು ವೀಳ್ಯ ಮುರಿದರು.

ಮಾರನೇ ದಿನ ಊರಿನೋರು ಗರಡಿಗೆ ನುಗ್ಗಿದರು. ಮಣ್ಣನ್ನೆಲ್ಲ ಸೊಂಟದ ಆಳ ಅಗೆದು ಗಾಡಿಗೆ ತುಂಬಿ ಆಚೆ ಸಾಗಿಸಿದರು. ನಮ್ಮಪ್ಪನ ಗಾಡಿಯನ್ನೂ ಇಸಕೊಂಡರು. ಅಮ್ಮ ನನ್ನನ್ನ ಬಚ್ಚಲಲ್ಲಿ ನಿಲ್ಲಿಸಿ ಸೀಗೆಪುಡಿ, ಬೂದಿ ಹಾಕಿ ಚರ್ಮ ಕಿತ್ತು ಬರೋ ಹಾಗೆ ಉಜ್ಜಿದಳು. ಗರಡಿಗೆ ಬೀಗ ಹಾಕಿದ್ದಾರೆ. ಹುಡುಗರು ಒಬ್ಬೊಬ್ಬರೇ ಬೇರೆ ಬೇರೆ ಕಡೆ ಹೋದರು.

ನಾನು ಸೋತಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಒಬ್ಬನ ಕುತ್ತಿಗೆ ಹೋಗುತ್ತಿತ್ತು, ಅಷ್ಟೇ. ಅದು ನನ್ನದು, ನಾನು ಕೊಡೋಕೆ ಒಪ್ಪಿದ್ದೆ. ನೀವು ಎರಡು ಲೋಟ ಪಾನಕಕ್ಕೆ ಎಲ್ಲಾನೂ ಕೊಟ್ಟುಬಿಟ್ಟಿರಿ.

ಪದ್ಮನಾಭಣ್ಣ ಮನೆಗೆ ಬಂದಿದ್ದರು. "ಇಳಿಯೋಕೆ ರೆಡಿ ನಿಂತಿದ್ಯಲ್ಲ ಮಗಾ, ಕೆಂಗೇರಿಗೆ ಬಾ" ಅಂದರು. ಹೋಗುತ್ತೇನೆ.

ಇನ್ನು ನನಗೆ ಬರೆಯಬೇಡಿ.

ವಿ. ಅಂಜಿನಯ್ಯ


ಹರಿಹರ
10–4–1974

ಅಂಜಿನಯ್ಯನಿಗೆ,

ಬರೆಯಬೇಡಿ ಅಂದಿದ್ದೀಯ. ಇದೊಂದನ್ನು ಓದು. ಆಮೇಲೆ ಒಲೆಗೆ ಹಾಕು.

ಆ ದಿನ ಬೆಳಿಗ್ಗೆಯಿಂದ ನಾನು ಏನೂ ತಿಂದಿರಲಿಲ್ಲ. ಅಕ್ಕ ಟಾಂಗಾದಲ್ಲಿ ಬಟ್ಟಲು ಬಿಚ್ಚಿದಾಗ ಬೇಡ ಅಂದೆ. ಖಾಲಿ ಹೊಟ್ಟೆಗೆ ಬಿದ್ದರೆ ಬೇಗ ಹೊಡೆಯುತ್ತದೆ ಅಂತ ನನಗೆ ಗೊತ್ತಿತ್ತು. ನನ್ನ ಮಾತನ್ನು ಅವರು ನಂಬುವುದಿಲ್ಲ, ಗಾಯವನ್ನೂ ನಂಬುವುದಿಲ್ಲ ಅಂತಲೂ ರೈಲಿನಲ್ಲೇ ಗೊತ್ತಿತ್ತು. ಗುರುಬಸಪ್ಪನವರು ಕಣ್ಣಿಗೆ ಕಾಣಬೇಕು ಅಂದಿದ್ದರಲ್ಲ, ಕಾಣಿಸುವುದಕ್ಕೆ ನನ್ನ ಹತ್ತಿರ ಇದ್ದದ್ದು ಅದೊಂದೇ.

ಪಾನಕದವನನ್ನು ಕೇಳು, ಅವನು ಹೇಳುತ್ತಾನೆ. "ಇನ್ನೊಂದು ಅಚ್ಚು ಬೆಲ್ಲ ಕದಡಪ್ಪಾ" ಅಂತ ನಾನೇ ಕೇಳಿದೆ. "ಹಬ್ಬ ಜೋರಾ ವಸ್ತಾದ್ರೇ?" ಅಂತ ನಕ್ಕ. ಮೊದಲನೇ ಲೋಟ ಕುಡಿದಾಗ ನೀನು ಕಣದ ಹತ್ತಿರ ಕಾಲಿನ ಚಪ್ಪಲಿ ಬಿಡುತ್ತಿದ್ದೆ. ಸಾಲದೆ ಹೋದರೆ ಅಂತ ಹೆದರಿ ಎರಡನೆಯದು ಕುಡಿದೆ.

ಅಷ್ಟು ಜನರ ಎದುರು ಪಂಚೆ ಜಾರುತ್ತದೆ ಅಂತ ಮಾತ್ರ ಅಂದುಕೊಂಡಿರಲಿಲ್ಲ.

ಗರಡಿ ಹೋಗುತ್ತದೆ ಅಂತ ನೀನು ಬರೆದಿದ್ದೆ. ಮರೆತಿರಲಿಲ್ಲ. ಹರಿಹರದಿಂದ ಅರಸೀಕೆರೆಯವರೆಗೆ ಅದನ್ನೇ ತೂಗಿದೆ. ಒಂದು ಕಡೆ ಹನ್ನೆರಡು ವರ್ಷದ ಮಣ್ಣು, ಇನ್ನೊಂದು ಕಡೆ ನಿನ್ನ ಕತ್ತು. ನೀನಾಗಿದ್ದರೆ ಮಣ್ಣು ಅನ್ನುತ್ತಿದ್ದೆ, ಹದಿನೆಂಟರಲ್ಲಿ ನಾನೂ ಅದನ್ನೇ ಅನ್ನುತ್ತಿದ್ದೆ.

ಕೆಂಗೇರಿಗೆ ಹೋಗು. ಪದ್ಮನಾಭ ಕೆಟ್ಟವನಲ್ಲ, ಅವನಿಗೆ ಸುಲಭವಾಗಿ ಗೆಲ್ಲುವ ಅಭ್ಯಾಸ, ಅಷ್ಟೇ. ಅವನು ಮೇಲಿಂದ ಭಾರ ಬಿಡುವಾಗ ಗದ್ದವನ್ನು ಎದೆಗೆ ಒತ್ತಿ ಎಡಕ್ಕೆ ಉರುಳು. ಬಲಕ್ಕಲ್ಲ. ನಾಚಿಕೆ ಪಡದೆ ಉರುಳು.

ಹೋದ ವಾರ ಡಾಕ್ಟರಿಗೆ ತೋರಿಸಿಕೊಂಡು ಬರೋಣ ಅಂತ ಅಕ್ಕ ಹಟ ಮಾಡಿ ಕರೆದುಕೊಂಡು ಹೋಗಿದ್ದಳು. ಮತ್ತೆ ಬೆಂಗಳೂರಿಗೆ ಬಂದಿದ್ದೆ, ನಿನಗೆ ತಿಳಿಸಲಿಲ್ಲ. ಫೋಟೋ ತೆಗೆದು, ರಕ್ತ ತೆಗೆದು, ಹೊಟ್ಟೆ ಒತ್ತಿ ನೋಡಿದರು. ಕ್ಯಾನ್ಸರು ಎಲ್ಲೂ ಇಲ್ಲವಂತೆ. "ಉಳಿಸಿದ್ದಕ್ಕೂ ಸಾರ್ಥಕ ಆಯ್ತು ಪೈಲ್ವಾನ್ರೇ. ನೀವಿನ್ನೂ ಇಪ್ಪತ್ತು ವರ್ಷ ಆರಾಮಾಗಿ ಇರ್ತೀರ" ಅಂದರು.

"ಹೀಗೇನಾ ಸಾರ್?" ಅಂತ ಕೇಳಿದೆ.

"ಹೀಗೇ" ಅಂದರು.

ಜಂಬಣ್ಣ